ಪ್ರತಿಕ್ರಿಯೆ: ಆಳದ ‘ಸಮುದ್ರ’ದಲ್ಲಿ ಅಲೆ ಇಲ್ಲ

“ಭೂಮಿಯೊಳಗೆ 600 ಕಿ.ಮೀ. ಆಳದಲ್ಲಿ ಸಮುದ್ರ ಇದೆಯಂತೆ, ಅಷ್ಟು ಬಿಸಿಗೆ ನೀರು ಆವಿಯಾಗಲ್ವಾ?” ಎಂದು ಕೇಳಿದ್ದೀರಿ. ಅದು ಕೊಡಕ್ಕೆ ತುಂಬುವಂಥ ನೀರಲ್ಲ ಸ್ವಾಮಿ.

ಮೈಲುತುತ್ತು ನೋಡಿದ್ದೀರಲ್ವಾ? ಮುಟ್ಟಿದರೆ ಒಣ ಹರಳು. ಕಾಯಿಸಿದರೆ ಆವಿ ಬಿಟ್ಟು ಬೆಳ್ಳಗಾಗುತ್ತದೆ. ಅದರಲ್ಲಿ ನೀರಿನ ಅಣು ಇಡಿಯಾಗಿಯೇ ಇರುತ್ತದೆ. ಆಳದ ರಿಂಗ್‌ವುಡೈಟ್ ಖನಿಜದಲ್ಲಿ ಅದೂ ಇಲ್ಲ. ಮೆಗ್ನೀಸಿಯಮ್ ಕೂರಬೇಕಾದ ಜಾಗ ಅಲ್ಲಲ್ಲಿ ಖಾಲಿ ಬಿದ್ದಿರುತ್ತದೆ. ಅಲ್ಲಿಗೆ ಎರಡು ಹೈಡ್ರೋಜನ್ ಬಂದು ಪಕ್ಕದ ಆಕ್ಸಿಜನ್‌ಗೆ ಅಂಟಿಕೊಳ್ಳುತ್ತವೆ. ಅಷ್ಟೇ ‘ನೀರು’. ‘ಒದ್ದೆ ಸ್ಪಂಜ್’ ಎನ್ನುವ ಹೋಲಿಕೆ ನನಗಂತೂ ಇಷ್ಟವಿಲ್ಲ, ಇದನ್ನು ಹಿಂಡಲು ಬರುವುದಿಲ್ಲ. ಅಲ್ಲಿನ ಬಿಸಿಯಲ್ಲೂ ಮೇಲಿನ ಒತ್ತಡ ಹರಳನ್ನು ಬಿಗಿಯಾಗಿ ಹಿಡಿದಿರುತ್ತದೆ.

ಇದು ಸುಮ್ನೆ ಊಹೆಯಲ್ಲ. ಬ್ರೆಜಿಲ್‌ನ ಜುಯೀನಾದಲ್ಲಿ ಸಿಕ್ಕ, ಆ ಆಳದಿಂದ ಮೇಲೆ ಬಂದ ಮಂಕಾದ ಕಂದು ವಜ್ರವೊಂದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಿಂಗ್‌ವುಡೈಟ್ ಚೂರಿತ್ತು. ಭೂವಿಜ್ಞಾನಿ ಗ್ರಹಾಂ ಪಿಯರ್ಸನ್ ತಂಡ 2014ರಲ್ಲಿ ವರದಿ ಮಾಡಿತು: ತೂಕದಲ್ಲಿ ಶೇ. 1.5ರಷ್ಟು ನೀರು! ಅವರು ಹುಡುಕುತ್ತಿದ್ದದ್ದು ಬೇರೆಯೇ ಖನಿಜವನ್ನು.

ಒಂದು ಚೂರಿನಿಂದ ಭೂಮಿಯೊಳಗಿನ ಆ ಇಡೀ ಪದರದ ಲೆಕ್ಕ ಹಾಕುವುದು ಮಾತ್ರ ಜಾಸ್ತಿಯಾಯಿತು. 410ರಿಂದ 660 ಕಿ.ಮೀ. ನಡುವೆ ಎಲ್ಲ ಕಡೆ ಇಷ್ಟೇ ನೀರಿದೆ ಎಂದೇನಿಲ್ಲ.