ಜಾಝ್ ಕೇಳಲು ಯಾವ ಆಲ್ಬಮ್‌ನಿಂದ ಶುರು ಮಾಡಬೇಕು?

ಶಾಸ್ತ್ರೀಯ ಸಂಗೀತ ಸ್ವಲ್ಪ ಗೊತ್ತು, ಎಲ್ಲರೂ ಹೊಗಳಿದರು ಅಂತ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಹಾಕಿದೆ, ಹತ್ತು ನಿಮಿಷಕ್ಕೆ ನಿದ್ದೆ ಬಂತು, ಜಾಝ್ ನನಗೆ ಹೇಳಿದ್ದಲ್ಲವಾ ಅಂತ ಕೇಳಿದ್ದೀರಿ. ನಿದ್ದೆ ಬಂದದ್ದರಲ್ಲಿ ತಪ್ಪೇನಿಲ್ಲ. ನನಗೂ ಮೊದಲ ಸಲ ಹಾಗೇ ಆಗಿತ್ತು.

ನಾನು ಕುಂಬಳೆ ಕಡೆಯವನು. ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದು ಚೆಂಡೆ, ಮದ್ದಳೆ. ಇಂಥ ಕಿವಿಗೆ ಮೊದಲು ತಾಳ ಸಿಗಬೇಕು, ಉಳಿದದ್ದೆಲ್ಲ ಆಮೇಲೆ. ಹಾಗಾಗಿ ನನ್ನ ಕೇಳಿದರೆ ಮೊದಲು ಪಿಯಾನೋದ ಡೇವ್ ಬ್ರೂಬೆಕ್ ಅವರ 'ಟೈಮ್ ಔಟ್', 1959ರದ್ದು. ಆ ಕಾಲದ ಜಾಝ್ ಹೆಚ್ಚಾಗಿ ನಾಲ್ಕರ ಎಣಿಕೆಯದ್ದು. ಇವರು ಬೇಕೆಂದೇ ಅದನ್ನು ಬಿಟ್ಟರು. ಮೊದಲ ಹಾಡು 'ಬ್ಲೂ ರೊಂಡೋ ಅ ಲಾ ಟರ್ಕ್' ಹಾಕಿ, ಬಾಯಲ್ಲಿ 'ತಕ ತಕ ತಕ ತಕಿಟ' ಅಂತ ಹೇಳಿಕೊಳ್ಳಿ. ಒಂಬತ್ತು. ಮೂರು ಸಲ ಹೀಗೆ ಹೋಗಿ ನಾಲ್ಕನೆಯ ಸಲಕ್ಕೆ 'ತಕಿಟ ತಕಿಟ ತಕಿಟ' ಆಗುತ್ತದೆ, ಅದೂ ಒಂಬತ್ತೇ. ಇಸ್ತಾಂಬುಲ್‌ನ ಬೀದಿಯಲ್ಲಿ ನುಡಿಸುವವರಿಂದ ಬ್ರೂಬೆಕ್ ಹಿಡಿದುಕೊಂಡ ಲೆಕ್ಕ ಅದು.

ಅದರಲ್ಲೇ 'ಟೇಕ್ ಫೈವ್' ಇದೆ. ಬ್ರೂಬೆಕ್ ಹೆಸರಲ್ಲಿ ಓಡಾಡುತ್ತದೆ, ಆದರೆ ಬರೆದದ್ದು ಸ್ಯಾಕ್ಸೋಫೋನ್ ನುಡಿಸಿದ ಪಾಲ್ ಡೆಸ್ಮಂಡ್. ಐದರ ಎಣಿಕೆ, 'ತಕಿಟ ತಕ'. ಇದನ್ನು ಮದ್ದಳೆ ನುಡಿಸುವ ನಮ್ಮ ಸೋದರಮಾವನಿಗೆ ಒಮ್ಮೆ ಕೇಳಿಸಿದೆ. ಮಾವ ಅಡಿಕೆ ಸುಲಿಯುತ್ತಾ ಕೂತಿದ್ದರು, ಎರಡು ಸುತ್ತು ಕೇಳಿ ಕತ್ತಿ ಪಕ್ಕಕ್ಕಿಟ್ಟು ತೊಡೆ ಮೇಲೆ ತಟ್ಟತೊಡಗಿದರು, ಡ್ರಮ್ಸಿನ ಜೋ ಮೊರೆಲ್ಲೋ ಒಬ್ಬರೇ ನುಡಿಸುವ ಭಾಗ ಬಂದಾಗ ಕಣ್ಣು ಮುಚ್ಚಿದರು. ಅಲ್ಲಿ ಪಿಯಾನೋ ಸುಮ್ಮನಿರುವುದಿಲ್ಲ, ಕೆಳಗಡೆ ಅದೇ ಐದನ್ನು ಬಿಡದೆ ಕುಟ್ಟುತ್ತಿರುತ್ತದೆ. ಮುಗಿದ ಮೇಲೆ ಮಾವ ಕೇಳಿದ್ದು ಒಂದೇ ಮಾತು: "ಆ ಜಾಗಟೆ ಹಿಡಿದವ ಯಾರು ಮಾರಾಯ, ಅಲ್ಲಾಡುವುದೇ ಇಲ್ಲ!"

ಇಷ್ಟು ಕೇಳಿಯಾದ ಮೇಲೆ 'ಕೈಂಡ್ ಆಫ್ ಬ್ಲೂ'ಗೆ ವಾಪಸ್ ಹೋಗಿ. ಮೊದಲ ಹಾಡು 'ಸೋ ವಾಟ್' ಮಾತ್ರ ಸಾಕು. ಇಯರ್‌ಫೋನ್ ಹಾಕಿ, ಮೊಬೈಲಿನ ಸ್ಪೀಕರ್‌ನಲ್ಲಿ ಬೇಸ್ ಅನ್ನುವ ದೊಡ್ಡ ತಂತಿವಾದ್ಯದ ತಗ್ಗಿನ ಸ್ವರ ಕೇಳುವುದೇ ಇಲ್ಲ, ಈ ಹಾಡಿನಲ್ಲಿ ಪಲ್ಲವಿ ಇರುವುದೇ ಬೇಸ್‌ನಲ್ಲಿ. ಅದು ಒಂದು ಸಾಲು ಹೇಳುತ್ತದೆ, ಉಳಿದವರು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತಾರೆ. ನಿಮಗೆ ಶಾಸ್ತ್ರೀಯ ಗೊತ್ತಿದೆ ಅಂದಿರಿ, ಹಾಗಾಗಿ ಇನ್ನೊಂದು ಗುಟ್ಟು ಹೇಳುತ್ತೇನೆ. ಅವರು ಡೋರಿಯನ್ ಅನ್ನುವ ಸ್ವರಗಳ ಸಾಲು ನಮ್ಮ ಖರಹರಪ್ರಿಯ ರಾಗದ್ದೇ. ಗಮಕ ಇಲ್ಲ, ಅಷ್ಟೇ. ಹದಿನಾರು ಆವರ್ತ ಒಂದು ಶ್ರುತಿಯಲ್ಲಿ, ಆಮೇಲೆ ಎಂಟು ಆವರ್ತ ಇಡೀ ಮೇಳ ಅರ್ಧ ಸ್ವರ ಮೇಲಕ್ಕೆ, ಮತ್ತೆ ಎಂಟು ಆವರ್ತ ಕೆಳಗೆ. ಆ 32 ಮುಗಿದರೆ ಒಂದು ಸುತ್ತು. ಟ್ರಂಪೆಟ್‌ನ ಮೈಲ್ಸ್, ಸ್ಯಾಕ್ಸೋಫೋನ್‌ನ ಕೋಲ್ಟ್ರೇನ್, ಕ್ಯಾನನ್‌ಬಾಲ್ ಆಡರ್ಲಿ, ಪಿಯಾನೋದ ಬಿಲ್ ಇವಾನ್ಸ್, ಒಬ್ಬರಾದ ಮೇಲೆ ಒಬ್ಬರು ಈ ಸುತ್ತಿನೊಳಗೇ ಮನೋಧರ್ಮ ತೋರಿಸುತ್ತಾರೆ. ಶ್ರುತಿ ಮೇಲೆ ಹೋಗುವ ಜಾಗ ಒಮ್ಮೆ ಕಿವಿಗೆ ಸಿಕ್ಕಿತೋ, ನಿದ್ದೆ ಬರಲ್ಲ. ನನಗೆ ಸಿಕ್ಕಿದ್ದು ಏಳೋ ಎಂಟೋ ಸಲ ಕೇಳಿದ ಮೇಲೆ, ಮಂಗಳೂರು ಬಸ್ಸಿನಲ್ಲಿ, ತಲಪಾಡಿ ದಾಟುವಾಗ.

ಆಮೇಲೆ ಬಿಲ್ ಇವಾನ್ಸ್ ಅವರ 'ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್'. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ಒಂದು ಸಣ್ಣ ಕ್ಲಬ್ಬಿನಲ್ಲಿ ರೆಕಾರ್ಡ್ ಆದದ್ದು. ಜನ ಮಾತಾಡುವುದು, ಗ್ಲಾಸು ಟಿಣ್ ಅನ್ನುವುದು ಎಲ್ಲ ಕೇಳುತ್ತದೆ. ನಮ್ಮ ಹಳೆಯ ತಾಳಮದ್ದಳೆ ಕ್ಯಾಸೆಟ್ಟಿನಲ್ಲಿ ಯಾರೋ ಕೆಮ್ಮುವುದು, ಮಗು ಅಳುವುದು ಕೇಳುತ್ತದಲ್ವಾ, ಹಾಗೆ. ಬೇಸ್ ನುಡಿಸಿದ ಸ್ಕಾಟ್ ಲಫಾರೋಗೆ ಆಗ 25 ವರ್ಷ. ಹನ್ನೊಂದೇ ದಿನ ಕಳೆದು ಕಾರು ಅಪಘಾತದಲ್ಲಿ ಹೋಗಿಬಿಟ್ಟರು. ಇದು ಗೊತ್ತಾದ ಮೇಲೆ ನನಗೆ ಆ ಗ್ಲಾಸಿನ ಸದ್ದು ಕೇಳಿದರೆ ಸಿಟ್ಟು ಬರುತ್ತದೆ, ಸುಮ್ನೆ ಕೂತು ಕೇಳಬಾರದಿತ್ತಾ ಅಂತ.

ಕೀತ್ ಜ್ಯಾರೆಟ್ ಅವರ 'ದಿ ಕೋಲ್ನ್ ಕಾನ್ಸರ್ಟ್' ಕೂಡ ಎಲ್ಲರೂ ಹೇಳುತ್ತಾರೆ. 1975ರ ಜನವರಿ 24, ಕೇಳಿದ ಪಿಯಾನೋ ಬರಲಿಲ್ಲ, ಸಿಕ್ಕ ಚಿಕ್ಕ ಪಿಯಾನೋದ ಸ್ವರ ಸರಿಯಿಲ್ಲ, ಅದರಲ್ಲೇ ಒಬ್ಬರೇ ಕೂತು ಒಂದು ಗಂಟೆಗೂ ಜಾಸ್ತಿ ಆಶುವಾಗಿ ನುಡಿಸಿದ್ದು. ಮೊದಲ ಭಾಗ ಸುಮಾರು 26 ನಿಮಿಷ, ಅದು ಚಿನ್ನ. ಉಳಿದದ್ದು ನನಗೆ ಸ್ವಲ್ಪ ಎಳೆದ ಹಾಗೆ ಅನಿಸುತ್ತದೆ. ನುಡಿಸುವಾಗ ಅವರು ನರಳುವುದು ಕೇಳಿ ಅಮ್ಮ ಅಡುಗೆಮನೆಯಿಂದ ಬಂದು, "ಯಾರಿಗೆ ಹೊಟ್ಟೆನೋವು?" ಅಂದಿದ್ದರು.

ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್' ಆರು ತಿಂಗಳು ಮುಟ್ಟಬೇಡಿ. ಚೆನ್ನಾಗಿಲ್ಲ ಅಂತಲ್ಲ, ನನ್ನ ಹತ್ತಿರ ಇರುವುದರಲ್ಲಿ ಅದಕ್ಕಿಂತ ದೊಡ್ಡದು ಬೇರೆ ಇಲ್ಲ. ಮೊದಲ ಭಾಗದಲ್ಲಿ ನಾಲ್ಕೇ ಸ್ವರದ ಒಂದು ತುಂಡು ಹಿಡಿದು, ಬೇರೆ ಬೇರೆ ಶ್ರುತಿಗೆ ಎತ್ತಿ ಇಳಿಸಿ, ಕೊನೆಗೆ ವಾದ್ಯ ಬಿಟ್ಟು ಬಾಯಲ್ಲೇ ಭಜನೆಯ ಹಾಗೆ ಹೇಳುತ್ತಾರೆ. ಆದರೆ ತಯಾರಿಲ್ಲದೆ ಕೇಳಿದರೆ ಬರೀ ಗಲಾಟೆ ಅನಿಸಿ ಬಿಟ್ಟುಬಿಡುತ್ತೀರಿ.

ನಮ್ಮ ಕಡೆಯವರು 'ಕಿನ್ಸ್‌ಮೆನ್' ಕೇಳಿ ಅಂತ ಖಂಡಿತ ಹೇಳುತ್ತಾರೆ. ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಮತ್ತು ನಮ್ಮ ಕದ್ರಿ ಗೋಪಾಲನಾಥ್ ಸೇರಿ 2008ರಲ್ಲಿ ಮಾಡಿದ್ದು. ಇಬ್ಬರದ್ದೂ ಆಲ್ಟೋ ಸ್ಯಾಕ್ಸೋಫೋನೇ. ಮದುವೆಯಲ್ಲಿ, ಕೋಲದಲ್ಲಿ ಸ್ಯಾಕ್ಸೋಫೋನ್ ಕೇಳಿ ಬೆಳೆದ ನಮಗೆ ಕದ್ರಿಯವರ ಗಮಕ ಥಟ್ಟನೆ ಗುರುತು ಸಿಗುತ್ತದೆ, ಇನ್ನೊಬ್ಬರದ್ದು ಸ್ವಲ್ಪ ಚೂಪು. ಮೊದಲು ಹೇಳಿದ ಮೂರು ಆಲ್ಬಮ್ ಕೇಳಿ ಆದ ಮೇಲೆ ಇದನ್ನು ಹಾಕಿ, ಯಾರು ಯಾವಾಗ ನುಡಿಸುತ್ತಿದ್ದಾರೆ ಅಂತ ಕಣ್ಣು ಮುಚ್ಚಿ ಹೇಳಲು ನೋಡಿ. ನಾನು ಈಗಲೂ ಎರಡು ಕಡೆ ತಪ್ಪುತ್ತೇನೆ.