ಹೊಲಿಗೆ ಯೂನಿಟ್‌ನಲ್ಲಿ ಯಾರ ಕೆಲಸ ಎಷ್ಟು ಅಂತ ಅಳೆಯೋದು ಹೇಗೆ?

ಇಪ್ಪತ್ತು ಮಿಷನ್‌ಗಳ ಯೂನಿಟ್, ಪೀಸ್ ಎಣಿಸಿ ಅದರ ಮೇಲೆ ಇನ್ಸೆಂಟಿವ್ ಕೊಟ್ಟರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಸ್ಟಾಪ್‌ವಾಚ್ ಹಿಡಿದು ಲೈನ್ ಸುತ್ತುವ ಕೆಲಸ ಮಾಡಿದವನು. ಬರೀ ಪೀಸ್ ಎಣಿಸಿದರೆ ಸುಲಭದ ಆಪರೇಷನ್ (ಹೊಲಿಗೆಯ ಒಂದು ಹಂತ) ಸಿಕ್ಕಿದವರೇ ಹುಲಿ ಅನ್ನಿಸಿಕೊಳ್ಳುತ್ತಾರೆ.

ಒಂದು ಶರ್ಟಿಗೆ ಕಾಲರ್ ಕೂರಿಸೋಕೆ 0.8 ನಿಮಿಷ, ಲೇಬಲ್ ಹೊಲಿಯೋಕೆ 0.25 ನಿಮಿಷ ಅಂತಿಟ್ಟುಕೊಳ್ಳಿ. ಇದಕ್ಕೇ ಸ್ಯಾಮ್ (SAM), ಅಂದರೆ ಒಂದು ಪೀಸಿನ ಕೆಲಸಕ್ಕೆ ನಿಗದಿ ಮಾಡಿದ ನಿಮಿಷ ಅನ್ನೋದು. ಸುಸ್ತಿಗೆ, ನೀರಿಗೆ, ಟಾಯ್ಲೆಟ್‌ಗೆ ಬಿಡುವ ಸಮಯವೂ ಇದರಲ್ಲೇ ಸೇರಿರಬೇಕು. (ನೀರು ಕುಡಿಯದೆ ಟಾರ್ಗೆಟ್ ಮುಟ್ಟಿಸುವ ಹೆಣ್ಣುಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಅದು ಪರ್ಫಾರ್ಮೆನ್ಸ್ ಅಲ್ಲ.) ಈಗ ಲೇಬಲ್‌ನವರು ದಿನಕ್ಕೆ 1200 ಪೀಸ್ ಮಾಡಿದರೆ 300 ನಿಮಿಷದ ಕೆಲಸ. ಕಾಲರ್‌ನವರು 420 ಪೀಸೇ ಮಾಡಿದ್ದರೂ ಅದು 336 ನಿಮಿಷದ ಕೆಲಸ. 480 ನಿಮಿಷದ ಶಿಫ್ಟ್‌ಗೆ ಹಾಕಿದರೆ ಮೊದಲನೆಯವರು 62.5%, ಎರಡನೆಯವರು 70%.

ಇಷ್ಟಕ್ಕೇ ನಿಲ್ಲಿಸಬೇಡಿ. ಆ ಕಾಲರ್‌ನವರು ಹೊಲಿಯಬೇಕಾದ ಪೀಸ್‌ಗಳ ಬಂಡಲ್ ಬರಲಿಲ್ಲ ಅಂತ ಒಂದು ಗಂಟೆ ಸುಮ್ನೆ ಕೂತಿದ್ದರು, ಮಿಷನ್ ಕೆಟ್ಟು 20 ನಿಮಿಷ ಹೋಯಿತು ಅನ್ನಿ. ಅದು ಅವರ ತಪ್ಪಲ್ಲವಲ್ಲ. ಆ 80 ನಿಮಿಷ ಕಳೆದರೆ 400 ನಿಮಿಷಕ್ಕೆ 336, ಅಂದರೆ 84%. ಹಾಗಾಗಿ ದಿನದ ಶೀಟ್‌ನಲ್ಲಿ ಕಾದ ನಿಮಿಷಕ್ಕೆ ಬೇರೆ ಕಾಲಂ ಇರಲೇಬೇಕು.

ಲೆಕ್ಕಕ್ಕೆ ಚೆಕಿಂಗ್‌ನಲ್ಲಿ ಓಕೆ ಆದ ಪೀಸ್ ಮಾತ್ರ ತಗೊಳ್ಳಿ. ಇಲ್ಲದಿದ್ದರೆ ಹೊಲಿಗೆ ಬಿಟ್ಟ ಪೀಸನ್ನು ಬಂಡಲ್ ಮಧ್ಯೆ ಸೇರಿಸಿ ಮುಂದಕ್ಕೆ ತಳ್ಳುತ್ತಾರೆ, ಅದು ಆಲ್ಟರ್‌ಗೆ, ಅಂದರೆ ಸರಿಪಡಿಸೋಕೆ, ವಾಪಸ್ ಬಂದಾಗ ಬಿಚ್ಚಿ ಹೊಲಿಯೋಕೆ ಹೊಸದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತೆ. ಓವರ್‌ಲಾಕ್, ಸಿಂಗಲ್ ನೀಡಲ್ ಎರಡೂ ಬಗೆಯ ಮಿಷನ್‌ಗೆ ಕೂರಬಲ್ಲವರಿಗೆ ಬೇರೆಯಾಗಿ ಸ್ವಲ್ಪ ಕೊಡಿ. ಯಾರೋ ರಜೆ ಹಾಕಿದ ದಿನ ಲೈನ್ ನಿಲ್ಲದಂತೆ ನೋಡಿಕೊಳ್ಳುವವರು ಅವರೇ, ಆದರೆ ದಿನದ ಪೀಸ್ ಲೆಕ್ಕದಲ್ಲಿ ಹಿಂದೆ ಕಾಣಿಸುತ್ತಾರೆ.

ಇನ್ನೊಂದು ಮಾತು, ಇದೆಲ್ಲ ಇನ್ಸೆಂಟಿವ್‌ಗೆ ಮಾತ್ರ. ಟಾರ್ಗೆಟ್ ಆಗಲಿಲ್ಲ ಅಂತ ಕನಿಷ್ಠ ಕೂಲಿಗೆ ಕತ್ತರಿ ಹಾಕೋ ಹಾಗಿಲ್ಲ.

ಸೂಪರ್‌ವೈಸರ್‌ನ ಅಳೆಯೋದು ಹೇಗೆ ಅಂತ ನೀವು ಕೇಳಲಿಲ್ಲ. ಆ ಕಾದ ನಿಮಿಷದ ಕಾಲಂ ಇದೆಯಲ್ಲ, ವಾರದ ಕೊನೆಗೆ ಅದನ್ನು ಕೂಡಿಸಿ ಅವರ ಮುಂದಿಡಿ.