ಸ್ಲೈಡ್ ಪಾಸಿಟಿವ್, ಪಿಸಿಆರ್‌ನಲ್ಲಿ ಬ್ಯಾಂಡ್ ಇಲ್ಲ
ಸೂಕ್ಷ್ಮದರ್ಶಕದ ಸ್ಲೈಡ್‌ನಲ್ಲಿ ವೈವ್ಯಾಕ್ಸ್ (ಮಲೇರಿಯಾ ಪರಾವಲಂಬಿಯ ಒಂದು ಬಗೆ) ಕಂಡವರ ರಕ್ತಕ್ಕೂ ನೆಸ್ಟೆಡ್ ಪಿಸಿಆರ್‌ನಲ್ಲಿ (ಡಿಎನ್‌ಎಯನ್ನು ಎರಡು ಸುತ್ತು ನಕಲು ಮಾಡಿ ಹೆಚ್ಚಿಸುವ ಪರೀಕ್ಷೆ) ಬ್ಯಾಂಡ್, ಅಂದರೆ ಜೆಲ್‌ನಲ್ಲಿ ಆ ಡಿಎನ್‌ಎ ತೋರಿಸುವ ಗೆರೆ, ಬರ್ತಿಲ್ಲ ಅಂದಿದ್ದೀರಿ. ರಕ್ತದ ಹನಿ ಹಾಕಿದ ಫಿಲ್ಟರ್ ಪೇಪರ್ ಸರಿಯಾಗಿ ಒಣಗದೆ ಡಿಎನ್‌ಎ ಹಾಳಾಗಿರಬೇಕು. ಜುಲೈನಲ್ಲಿ ಮಡಿಕೇರಿಯಲ್ಲಿ ಬಟ್ಟೆಯೇ ಒಣಗಲ್ಲ, ಅಲ್ವಾ? ಆದರೆ ಹಿಮೋಗ್ಲೋಬಿನ್ ಉಳಿದು ಪಿಸಿಆರ್ ತಡೆದರೂ ಹೀಗೇ ಆಗುತ್ತದೆ. ಇಲ್ಲಿಂದ ಖಚಿತವಾಗಿ ಹೇಳಲಾರೆ.

ಮೊದಲು ಅದೇ ಡಿಎನ್‌ಎಗೆ ಮನುಷ್ಯರ ಬೀಟಾ ಗ್ಲೋಬಿನ್ (ಎಲ್ಲರ ರಕ್ತದಲ್ಲೂ ಸಿಗಬೇಕಾದ ಜೀನ್) ಪಿಸಿಆರ್ ಹಾಕಿ. ಅದೂ ಬರದಿದ್ದರೆ 10 ಪಟ್ಟು ತೆಳು ಮಾಡಿ ಮತ್ತೆ ಹಾಕಿ. ಆಗ ಬಂದರೆ ತಡೆ ಇತ್ತು ಅಂತ. ಆಗಲೂ ಇಲ್ಲವೆಂದರೆ ಪೇಪರ್ ಅಥವಾ ಎಕ್ಸ್‌ಟ್ರಾಕ್ಷನ್ (ರಕ್ತದಿಂದ ಡಿಎನ್‌ಎ ಬೇರ್ಪಡಿಸುವುದು) ಕೆಟ್ಟಿದೆ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬ್‌ನಲ್ಲಿ ಹೊಸ ರಕ್ತ ತೆಗೆಯಿರಿ, ಹೆಪಾರಿನ್ ಬೇಡ, ಅದೂ ಪಿಸಿಆರ್ ತಡೆಯುತ್ತದೆ.

ಗ್ಲೋಬಿನ್ ಬಂದರೆ ಜೆಲ್ ನೋಡಿ. ಪರಾವಲಂಬಿಯ 18ಎಸ್ ಜೀನ್ ಹುಡುಕುವ ಸಾಮಾನ್ಯ ಪ್ರೈಮರ್‌ಗಳಲ್ಲಿ (ನಕಲು ಶುರು ಮಾಡುವ ಚಿಕ್ಕ ಡಿಎನ್‌ಎ ತುಣುಕುಗಳು) ವೈವ್ಯಾಕ್ಸ್ ಬ್ಯಾಂಡ್ ಬರೀ 120 ಬೇಸ್ ಪೇರ್ (ಡಿಎನ್‌ಎ ಉದ್ದದ ಅಳತೆ). 1% ಜೆಲ್‌ನಲ್ಲಿ ಪ್ರೈಮರ್ ಡೈಮರ್ (ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿ ಆಗುವ ಸುಳ್ಳು ಗೆರೆ) ಅಂತಲೇ ಕಾಣುತ್ತದೆ, 2% ಹಾಕಿ.

ರೋಗಿಯ ಚಿಕಿತ್ಸೆ ಮಾತ್ರ ಪಿಸಿಆರ್‌ಗೆ ಕಾಯಬಾರದು, ಸ್ಲೈಡ್ ಸಾಕು.